ನಾಲ್ಕನೇ ಭಾಗದ ತೇಪೆ ಅಜ್ಜಿ

ನಮ್ಮ ಗ್ರಂಥಾಲಯದ ಮೆಟ್ಟಿಲ ಅಡಿಯಲ್ಲಿ ಒಂದು ಕೋಣೆಯಿದೆ. ಬಾಗಿಲಲ್ಲಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಷ್ಟೂ ಬಗ್ಗಬೇಕು, ಕೊನೆಯ ಮೂಲೆಗೆ ಹೋದರೆ ಕೂತೇ ತೀರಬೇಕು. ಆ ಮೂಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವವರು ಗೋಂದಣ್ಣ. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಹಾಕಿ, ಬೆನ್ನು ಕಟ್ಟಿ ಮತ್ತೆ ಓದುವ ಹಾಗೆ ಮಾಡುವುದು ಅವರ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದೆ. ಅದನ್ನು ಓದಿ ‘ಇದ್ಯಾರಪ್ಪ ಹೊಸಬರು’ ಎಂದು ನನ್ನನ್ನು ಕೇಳಿದವರಿದ್ದಾರೆ.

ನಾನು ಕೌಂಟರಿನವಳು. ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಗಲಾಟೆ ಮಾಡುವವರನ್ನು ಕನ್ನಡಕದ ಮೇಲಿಂದ ನೋಡುವುದು ನನ್ನ ಪಾಲಿನ ಕೆಲಸ. ಗೋಂದಣ್ಣ ನನ್ನನ್ನು ಕರೆಯುವುದು ಕೌಂಟರಮ್ಮ ಎಂದು. ಮೊದಮೊದಲು ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ತಡವಾಗುತ್ತದೆ.

ಅವರ ದಿನ ಶುರುವಾಗುವುದು ಅಂಟು ಕಾಯಿಸುವುದರಿಂದ. ಸಣ್ಣ ಸ್ಟೌವ್ ಮೇಲೆ ಮೈದಾ ಹಿಟ್ಟನ್ನು ನೀರಲ್ಲಿ ಕಲಸಿಟ್ಟು, ಗಂಟಾಗದ ಹಾಗೆ ಒಂದೇ ದಿಕ್ಕಿಗೆ ತಿರುವುತ್ತಾ ಕೂರುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಬಾರದು. ಒಮ್ಮೆ ನಾನು ಮಾತಾಡಿಸಿ, ಅಂಟು ತಳ ಹಿಡಿದು, ಒಂದು ವಾರ ನಮ್ಮ ಕವನ ಸಂಕಲನಗಳೆಲ್ಲ ಸೀದ ವಾಸನೆ ಹೊಡೆದವು. ಯಾವ ಓದುಗರೂ ದೂರು ಕೊಡಲಿಲ್ಲ ಅನ್ನುವುದು ಬೇರೆ ವಿಷಯ.

ಅವರ ಇನ್ನೊಂದು ಪದ್ಧತಿ ಚೀಟಿ. ಗೋಂದಣ್ಣನ ಕೈಯಿಂದ ಹೊರಬಂದ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಚೀಟಿ ಅಂಟಿರುತ್ತದೆ. ‘ಬೆನ್ನು ಹೊಸದು. ನಲವತ್ತೊಂದನೇ ಪುಟ ಹರಿದಿತ್ತು, ಸೇರಿಸಿದೆ. ಕೊನೆಯ ಹಾಳೆ ಇಲ್ಲ, ಮೊದಲೇ ಹೇಳಿದ್ದೇನೆ.’ ಹೀಗೆ ಬರೆದು ಸಹಿ ಹಾಕಿರುತ್ತಾರೆ. ಇದನ್ನು ಮಾಡಿ ಎಂದು ಯಾರೂ ಹೇಳಿದ್ದಲ್ಲ. ಒಬ್ಬ ಓದುಗರು ಪತ್ತೇದಾರಿ ಕಾದಂಬರಿಯೊಂದನ್ನು ಊಟ ನಿದ್ದೆ ಬಿಟ್ಟು ಓದಿ, ಕೊಲೆಗಾರ ಸಿಕ್ಕಿಬೀಳುವ ಹಾಳೆಯೇ ಇಲ್ಲವೆಂದು ನನ್ನ ಮೇಲೆ ಹರಿಹಾಯ್ದ ದಿನದಿಂದ ಶುರುವಾಯಿತು. ಬೈಸಿಕೊಂಡವಳು ನಾನು, ಮನಸ್ಸಿಗೆ ಹಚ್ಚಿಕೊಂಡವರು ಅವರು. ಚೀಟಿಯಲ್ಲಿ ಗೋಂದಣ್ಣ ಸುಳ್ಳು ಬರೆಯುವುದಿಲ್ಲ. ಆ ಒಂದು ವಿಷಯದಲ್ಲಿ ಅವರು ಶುದ್ಧ ಹಠಮಾರಿ.

ಕಳೆದ ವರ್ಷ ಮಕ್ಕಳ ವಿಭಾಗಕ್ಕೆ ಬಣ್ಣ ಹೊಡೆಸಬೇಕೆಂದು ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿದರು. ಆಗಷ್ಟೇ ಬಂದಿದ್ದ ಮುಖ್ಯ ಗ್ರಂಥಪಾಲಕಿ, ನಮ್ಮೆಲ್ಲರ ಬಾಯಲ್ಲಿ ಮೇಡಂ, ಕಡ್ಡಿ ಮುರಿದ ಹಾಗೆ ಮಾತಾಡುವವರು. ‘ಹರಿದಿರೋದನ್ನ ಕಟ್ಟಿಸೋಣ. ಪುಟ ಕಳೆದಿರೋದು ಮಾತ್ರ ಮಕ್ಕಳ ಕೈಗೆ ಬೇಡ. ಅರ್ಧ ಕಥೆ ಓದಿಸಿ ಮಕ್ಕಳನ್ನ ಯಾಕೆ ಅಳಿಸೋದು? ಅಂಥವನ್ನ ಒಂದು ಕಡೆ ಹಾಕಿ, ಶನಿವಾರ ಹಳೇ ಪೇಪರಿನ ಗಾಡಿ ಬರುತ್ತೆ’ ಎಂದರು. ಈ ಮಾತಿನಲ್ಲಿ ತಪ್ಪು ಹುಡುಕಲು ನನಗಂತೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲಕ್ಕಿಂತ ಮೇಲಿನ ಹಲಗೆಯ ಹಿಂದೆ, ಗೋಡೆಯ ಸಂದಿಯಲ್ಲಿ, ದಾರ ಕಟ್ಟಿದ ಒಂದು ಕಟ್ಟು ಸಿಕ್ಕಿತು. ಯಾರೋ ಯಾವ ಕಾಲದಲ್ಲೋ ಬೈಂಡಿಂಗಿಗೆಂದು ಕಟ್ಟಿಟ್ಟು ಮರೆತದ್ದಿರಬೇಕು. ಗೋಂದಣ್ಣ ಮೇಲಿನ ಧೂಳು ಒರೆಸಿದವರೇ ನೆಲದ ಮೇಲೆ ಕೂತುಬಿಟ್ಟರು.

‘ತಲೆ ತಿರುಗ್ತಾ ಗೋಂದಣ್ಣ? ನೀರು ತರ್ಲಾ?’ ಎಂದೆ.

‘ಮಧ್ಯಾಹ್ನದೂರು ಕಣ್ರೀ ಕೌಂಟರಮ್ಮ’ ಎಂದರು. ‘ಏಳು ಭಾಗಾನೂ ಇದೆ.’

ಮಾಯಾಮಂತ್ರದ ಕಥೆಗಳೆಂದರೆ ನನಗೆ ಅಷ್ಟಕ್ಕಷ್ಟೆ. ಹಾರುವ ಕುದುರೆ, ಮಾತಾಡುವ ಬಾವಿ ಎಲ್ಲ ಯಾವುದೋ ಸೀಮೆಯಲ್ಲಿ ಇದ್ದರೆ ಇರಲಿ, ನನಗೇನು ಅನ್ನಿಸುತ್ತದೆ. ಆದರೆ ‘ಮಧ್ಯಾಹ್ನದೂರು’ ನಡೆಯುವುದು ನಮ್ಮದೇ ಪಟ್ಟಣದಲ್ಲಿ. ಮಟಮಟ ಮಧ್ಯಾಹ್ನ, ನೆರಳು ಕಾಲಡಿಗೆ ಸೇರಿಕೊಳ್ಳುವ ಹೊತ್ತಿಗೆ, ಪಟ್ಟಣದ ನೆರಳುಗಳೆಲ್ಲ ನೆಲದೊಳಗೆ ಇಳಿದು ತಮ್ಮದೇ ಒಂದು ಊರಿಗೆ ಹೋಗುತ್ತವೆ. ಗಂಟೆ ಒಂದು ಹೊಡೆಯುವುದರೊಳಗೆ ವಾಪಸ್ ಬರಬೇಕು. ಅಣ್ಣ ತಂಗಿ ಇಬ್ಬರು ಮಕ್ಕಳು ನೆರಳಿನ ಬೆನ್ನು ಹಿಡಿದು ಕೆಳಗಿಳಿಯುತ್ತಾರೆ. ಒಂದೊಂದು ಭಾಗದಲ್ಲಿ ಒಂದೊಂದು ದಾರಿ: ಸೇತುವೆಯ ಮೂರನೇ ಕಮಾನು, ನೀರಿನ ಟ್ಯಾಂಕಿನ ಕಬ್ಬಿಣದ ಏಣಿ, ಸಿನಿಮಾ ಮಂದಿರದ ಟಿಕೆಟ್ ಕಿಂಡಿ. ರಟ್ಟಿನ ಒಳಗೆ ನಮ್ಮ ಪಟ್ಟಣದ ನಕ್ಷೆಯನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದರು. ಹುಡುಕಿದೆ, ನಮ್ಮ ಮನೆಯ ಬೀದಿಯೂ ಇತ್ತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಗೋಂದಣ್ಣನಿಗೆ ಈ ಪುಸ್ತಕ ಕಣ್ಣಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು. ಒಂಬತ್ತು ವರ್ಷದವರಿದ್ದಾಗ ಶಾಲೆಯ ಕಾಂಪೌಂಡ್ ಗೋಡೆ ಹತ್ತಿ, ಇಳಿಯುವುದರ ಬದಲು ಬಿದ್ದು, ತೊಡೆಯ ಮೂಳೆ ಮುರಿದುಕೊಂಡರು. ಸೊಂಟದಿಂದ ಪಾದದ ತನಕ ಪ್ಲಾಸ್ಟರ್. ಮೂರು ತಿಂಗಳು ಕಿಟಕಿಯ ಪಕ್ಕದ ಮಂಚದ ಮೇಲೆ ಅಂಗಾತ. ಅವರಿಗೆ ಒಬ್ಬಳು ಅಕ್ಕ, ಆಗ ಹದಿನೈದರ ಹುಡುಗಿ. ಹೊಲಿಗೆ ಕಲಿಯಲು ಹೋಗುತ್ತಿದ್ದವಳು. ಬರುವ ದಾರಿಯಲ್ಲಿ ಇದೇ ಗ್ರಂಥಾಲಯದಿಂದ ಒಂದೊಂದೇ ಭಾಗ ತಂದು, ಮಂಚದ ಕಾಲ ಬಳಿ ಕೂತು ತಮ್ಮನಿಗೆ ಓದಿ ಹೇಳುತ್ತಿದ್ದಳಂತೆ. ಮನೆಗೆ ತಂದ ಹೊಲಿಗೆಯನ್ನೂ ಅಲ್ಲೇ ಕೂತು ಮುಗಿಸುತ್ತಿದ್ದಳು. ಪುಸ್ತಕ ತೊಡೆಯ ಮೇಲೆ, ಬಟ್ಟೆ ಕೈಯಲ್ಲಿ. ತಮ್ಮ ಪುಸ್ತಕ ಮುಟ್ಟಲು ಕೈ ಚಾಚಿದರೆ, ‘ಲೈಬ್ರರಿದು ಕಣೋ, ಎಣ್ಣೆ ಕೈ ತೆಗಿ’ ಎಂದು ಗದರುತ್ತಿದ್ದಳು.

‘ಅಣ್ಣ ತಂಗಿ ಎಲ್ಲ ಸರಿ’ ಎಂದರು ಗೋಂದಣ್ಣ. ‘ಆದ್ರೆ ನಂಗೆ ಜೀವ ಅಂದ್ರೆ ತೇಪೆ ಅಜ್ಜಿ. ನಾಲ್ಕನೇ ಭಾಗದಲ್ಲಿ ಬರ್ತಾಳೆ. ಅವಳ ಕಥೆ ಅರ್ಧಕ್ಕೆ ನಿಂತಿತ್ತು. ಅಕ್ಕ ಅದನ್ನ ಅಲ್ಲಿಗೇ ಬಿಟ್ಟು ಐದನೇ ಭಾಗಕ್ಕೆ ಹೋಗಿಬಿಟ್ಲು. ಆಮೇಲೆ ಪ್ಲಾಸ್ಟರ್ ಬಿಚ್ಚಿದ್ರು, ಪುಸ್ತಕ ವಾಪಸ್ ಹೋಯ್ತು. ದೊಡ್ಡವನಾದ್ಮೇಲೆ ನಾನೇ ಓದ್ಕೋತೀನಿ ಅಂದ್ಕೊಂಡೆ. ಹುಡುಕಿದ್ರೆ ಎಲ್ಲೂ ಇಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೊದಲ ದಿನ ಹುಡುಕಿದ್ದೇ ಇದನ್ನ.’

ನಲವತ್ತಮೂರು ವರ್ಷ ಒಬ್ಬ ಮನುಷ್ಯ ಒಂದು ಕಥೆಯ ಕೊನೆಗಾಗಿ ಕಾದದ್ದನ್ನು ನಾನು ಕೇಳಿರಲಿಲ್ಲ. ನನಗಾದರೆ ಕಳೆದ ವಾರ ನೋಡಿದ ಧಾರಾವಾಹಿ ಎಲ್ಲಿಗೆ ನಿಂತಿತು ಎನ್ನುವುದೂ ನೆನಪಿರುವುದಿಲ್ಲ.

ಆ ಸೋಮವಾರ, ಮಂಗಳವಾರ ಗೋಂದಣ್ಣ ಹುಡುಗನಾಗಿಬಿಟ್ಟರು. ಪುಸ್ತಕಗಳ ಬೆನ್ನು ಬಿಟ್ಟುಹೋಗಿತ್ತು, ಒಳಗಿನ ಹಾಳೆ ಗಟ್ಟಿಯಿತ್ತು. ಒಂದೊಂದನ್ನೂ ಓದುವುದು, ಓದಿದ ಮೇಲೆ ಕಟ್ಟುವುದು, ಕಟ್ಟುತ್ತಾ ನನಗೆ ಹೇಳುವುದು. ಹೇಳಿಸಿಕೊಂಡು ನನ್ನ ತಲೆ ಚಿಟ್ಟು ಹಿಡಿಯಿತು. ಮಂಗಳವಾರ ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಲೂ ಬಿಡದೆ ನನ್ನನ್ನು ಸೇತುವೆಗೆ ಎಳೆದುಕೊಂಡು ಹೋದರು. ನೆತ್ತಿ ಸುಡುವ ಬಿಸಿಲು. ಮೂರನೇ ಕಮಾನಿನ ಮೇಲೆ ಇಬ್ಬರೂ ನಿಂತೆವು.

‘ಈಗ ಕಾಲ ಕೆಳಗೆ ನೋಡಿ’ ಎಂದರು.

ನೋಡಿದೆ. ನೆರಳು ಚಪ್ಪಲಿಯ ಅಂಚಿನಲ್ಲಿ ಬೆರಳಗಲ ಉಳಿದಿತ್ತು.

‘ಹೋಯ್ತಲ್ಲ?’

‘ಎಲ್ಲಿ ಹೋಯ್ತು? ನಾನು ದಪ್ಪ ಇದೀನಿ, ನನ್ನ ಅಡಿಯಲ್ಲೇ ಇದೆ’ ಎಂದೆ. ಸೇತುವೆಯ ಮೇಲೆ ಹೋಗುತ್ತಿದ್ದ ಸೈಕಲ್ಲಿನವರೊಬ್ಬರು, ಇಬ್ಬರು ವಯಸ್ಸಾದವರು ತಮ್ಮ ಪಾದ ನೋಡಿಕೊಂಡು ನಿಂತಿರುವುದನ್ನು ಕಂಡು, ಏನೋ ಬಿದ್ದಿರಬೇಕೆಂದು ಇಳಿದು ತಾವೂ ಹುಡುಕತೊಡಗಿದರು. ಅವರನ್ನು ಸಾಗಹಾಕುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ವಾಪಸ್ ಬರುವಾಗ ನಗು ತಡೆಯಲಾರದೆ ಎರಡು ಕಡೆ ನಿಂತೆವು. ಸಿನಿಮಾ ಮಂದಿರ ಇದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿಯಿದೆ, ಟಿಕೆಟ್ ಕಿಂಡಿಯ ಜಾಗದಲ್ಲಿ ದೊಡ್ಡ ಕನ್ನಡಿ. ಗೋಂದಣ್ಣ ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಕನ್ನಡಿಯಾದರೆ ಒಳಗೆ ಹೋಗುವುದು ಇನ್ನೂ ಸುಲಭ ಎಂದರು.

ಪುಸ್ತಕ ತಾವು ಅಂದುಕೊಂಡಷ್ಟು ಚೆನ್ನಾಗಿಲ್ಲ ಎನ್ನುವುದು ಅವರಿಗೆ ಎರಡನೇ ಭಾಗದ ಹೊತ್ತಿಗೇ ಗೊತ್ತಾಗಿತ್ತು. ನೆರಳಿನ ರಾಜ ಬಾಯಿ ತೆರೆದರೆ ಎರಡು ಪುಟ ಉಪದೇಶ. ‘ಅಕ್ಕ ಓದುವಾಗ ಇವನು ಇಷ್ಟು ಮಾತಾಡ್ತಿರಲಿಲ್ಲ’ ಎಂದು ಗೊಣಗಿದರು. ಆದರೂ ಮುಖದ ಕಳೆ ಇಳಿಯಲಿಲ್ಲ. ನಾಲ್ಕನೇ ಭಾಗ ಬರಲಿ ನೋಡಿ ಎನ್ನುತ್ತಿದ್ದರು.

ಬುಧವಾರ ಮಧ್ಯಾಹ್ನ ಕೌಂಟರಿಗೆ ಬಂದ ಗೋಂದಣ್ಣನ ಮುಖ ಸುಣ್ಣ ಹಚ್ಚಿದ ಹಾಗಿತ್ತು.

‘ಅಜ್ಜಿ ಇಲ್ಲ’ ಎಂದರು.

ಅವರ ಮನೆಯಲ್ಲಿ ಯಾರೋ ತೀರಿಕೊಂಡರೆಂದು ನಾನು ಎದ್ದು ನಿಂತೆ. ಆಮೇಲೆ ತಿಳಿಯಿತು, ತೇಪೆ ಅಜ್ಜಿ ಎಂದು. ನಾಲ್ಕನೇ ಭಾಗವನ್ನು ಮೊದಲಿಂದ ಕೊನೆಯ ತನಕ ಎರಡು ಸಲ ಓದಿದ್ದರು. ಅಜ್ಜಿಯ ಸುಳಿವೇ ಇಲ್ಲ.

ಇಲ್ಲಿ ಅವರ ಕಸುಬಿನ ಒಂದು ಮಾತು ಹೇಳಬೇಕು. ದೊಡ್ಡ ಹಾಳೆಯೊಂದನ್ನು ಮಡಚಿ ಹದಿನಾರು ಪುಟ ಮಾಡಿದರೆ ಅದು ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದರೆ ಪುಸ್ತಕ. ಕಥೆಯಲ್ಲಿ ಒಂದು ತುಂಡು ಕಾಣೆಯಾಗಿದೆ ಎಂದರೆ ನನ್ನಂಥವಳು ನೆನಪು ತಪ್ಪಿರಬೇಕು ಅನ್ನುತ್ತಾಳೆ. ಬೈಂಡರಿಗೆ ಹೊಳೆಯುವುದು ಒಂದೇ: ಫಾರಂ ಬಿಟ್ಟುಹೋಗಿದೆ. ಗೋಂದಣ್ಣ ಹೊಲಿಗೆ ಬಿಚ್ಚಿ ಒಂದೊಂದು ಫಾರಮನ್ನೂ ಮೇಜಿನ ಮೇಲೆ ಹರಡಿದ್ದರು. ಪುಟಸಂಖ್ಯೆ ಎಲ್ಲೂ ಹಾರಿರಲಿಲ್ಲ.

‘ನಂಬರ್ ಎಲ್ಲ ಸರಿಯಾಗಿದೆಯಲ್ಲ, ಮತ್ತೇನು?’ ಎಂದೆ.

‘ಅಚ್ಚು ಹಾಕುವಾಗಲೇ ಒಂದು ಫಾರಂ ನುಂಗಿಹಾಕಿ, ನಂಬರ್ ಜೋಡಿಸಿಬಿಟ್ಟಿದಾರೆ. ಹಾಗೆಲ್ಲ ಮಾಡ್ತಾರೆ ರೀ, ನಾನು ಕಂಡಿಲ್ವಾ?’

‘ಅಥವಾ ನಿಮಗೇ ಬೇರೆ ಯಾವ್ದೋ ಕಥೆ ಕಲಸಿಹೋಗಿರಬಹುದು.’

‘ಕೌಂಟರಮ್ಮ, ನನ್ನ ಮದುವೆ ದಿನ ನಾನು ಯಾವ ಅಂಗಿ ಹಾಕಿದ್ದೆ ಅಂತ ನಂಗೆ ನೆನಪಿಲ್ಲ. ತೇಪೆ ಅಜ್ಜಿಯ ಒಂದೊಂದು ಮಾತೂ ನೆನಪಿದೆ.’

ಪಟ್ಟು ಹಿಡಿದರೆ ಅವರು ಯಾರ ಮಾತೂ ಕೇಳುವವರಲ್ಲ. ಪುಸ್ತಕವನ್ನು ಮತ್ತೆ ಹೊಲಿದು, ರಟ್ಟು ಹಾಕಿ, ಚೀಟಿ ಅಂಟಿಸಿದರು. ‘ಬೆನ್ನು ಹೊಸದು. ಒಂದು ಫಾರಂ ಇಲ್ಲ. ಅಪೂರ್ಣ.’ ಕೆಳಗೆ ಸಹಿ.

ಮೇಡಂ ಗುರುವಾರ ಬೆಳಿಗ್ಗೆ ಏಳನ್ನೂ ನೋಡಿ, ಚೆನ್ನಾಗಿ ಕಟ್ಟಿದ್ದೀರಿ ಎಂದು ಮೆಚ್ಚಿ, ನಾಲ್ಕನೆಯದರ ಹಿಂಬದಿ ತೆರೆದು ಚೀಟಿ ಓದಿದರು. ‘ಅಯ್ಯೋ, ಇದು ಅಪೂರ್ಣವಾ? ಹಾಗಾದ್ರೆ ಮಿಕ್ಕ ಆರನ್ನ ಇಟ್ಕೊಂಡು ಏನ್ಮಾಡೋದು? ನಡುವಿನದೇ ಇಲ್ಲದ ಮೇಲೆ. ಏಳನ್ನೂ ಆ ಕಡೆ ಹಾಕಿ’ ಎಂದು ಹಳೇ ಪೇಪರಿನ ರಾಶಿ ತೋರಿಸಿದರು.

ಗೋಂದಣ್ಣ ತಾವೇ ಹುಡುಕಿ, ತಾವೇ ಕಟ್ಟಿ, ತಮ್ಮ ಕೈಬರಹದಿಂದಲೇ ಪುಸ್ತಕಗಳನ್ನು ಗಾಡಿಗೆ ಹಾಕಿದ್ದರು. ನನಗೆ ಅವರನ್ನು ಕಂಡು ಅಯ್ಯೋ ಅನ್ನಿಸಿತು, ಮೈಯೂ ಉರಿಯಿತು.

‘ಮೇಡಂ, ನಾಳೆ ಸಂಜೆ ತನಕ ಟೈಮ್ ಕೊಡಿ’ ಎಂದೆ ನಾನೇ. ‘ಇಲ್ಲದೆ ಇರೋ ಪುಟ ತರ್ತಾರೆ. ಇಲ್ಲಾಂದ್ರೆ ಚೀಟಿ ತಪ್ಪು ಅಂತ ಬರ್ಕೊಡ್ತಾರೆ.’

‘ಎರಡರಲ್ಲಿ ಒಂದು’ ಎಂದರು ಮೇಡಂ. ‘ಶನಿವಾರ ಬೆಳಿಗ್ಗೆ ಗಾಡಿ ಬಂದ್ಮೇಲೆ ನನ್ನ ಕೇಳಬೇಡಿ.’

ಮೆಟ್ಟಿಲ ಅಡಿಗೆ ಹೋದ ಮೇಲೆ ಚೆನ್ನಾಗಿ ಜಾಡಿಸಿದೆ. ಆ ಚೀಟಿ ಕಿತ್ತು ಬಿಸಾಕಿ ಎಂದೆ. ತಮ್ಮ ಅಂಟು ಹಾಗೆಲ್ಲ ಬಿಡುವುದಿಲ್ಲ, ಚೀಟಿಯ ಜೊತೆ ರಟ್ಟಿನ ಕಾಗದವೂ ಬರುತ್ತದೆ ಎಂದರು. ಇಂಥ ಹೊತ್ತಿನಲ್ಲೂ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು. ಆಮೇಲೆ ಮೆಲ್ಲಗೆ, ‘ಸುಳ್ಳು ಹೇಗೆ ಬರೀಲಿ ಹೇಳಿ. ಅಜ್ಜಿ ಇದ್ಲು’ ಎಂದರು.

ಮಧ್ಯಾಹ್ನದ ಮೇಲೆ ಇಬ್ಬರೂ ರಜೆ ಚೀಟಿ ಬರೆದಿಟ್ಟು ಹೊರಟೆವು. ರೈಲು ನಿಲ್ದಾಣದ ಎದುರಿಗೆ ಹಳೇ ಪುಸ್ತಕ ಮಾರುವವರೊಬ್ಬರು ಇದ್ದಾರೆ. ಕೇಳಿದ ಪುಸ್ತಕ ಇಲ್ಲ ಎಂದು ಹೇಳುವುದು ಅವರಿಗೆ ಅವಮಾನ. ಒಂದು ಗಂಟೆ ರಾಶಿ ಕೆದಕಿ, ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡು, ಮುಖಪುಟ ಹೋದ ನಾಲ್ಕನೇ ಭಾಗವೊಂದನ್ನು ಎಳೆದುಕೊಟ್ಟರು. ಬೇರೆ ವರ್ಷ ಅಚ್ಚಾದದ್ದು. ಗೋಂದಣ್ಣ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಫಾರಂ ಬಿಟ್ಟುಹೋದದ್ದು ಇಲ್ಲೇ ಎಂದು ತಾವು ಗುರುತು ಮಾಡಿಕೊಂಡಿದ್ದ ಅರವತ್ತನಾಲ್ಕನೇ ಪುಟ ತೆಗೆದರು. ಅದೇ ಸಾಲು. ಅರವತ್ತೈದೂ ಅದೇ. ಅಜ್ಜಿ ಅದರಲ್ಲೂ ಇರಲಿಲ್ಲ.

‘ಇನ್ನು ಅಕ್ಕನೇ ಸಾಕ್ಷಿ’ ಎಂದು ಎದ್ದರು.

ಅಕ್ಕನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ತುಂಬ ಶಾಲೆಯ ಸಮವಸ್ತ್ರ. ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳ ರಾಶಿಯ ಹಿಂದೆ ಅಕ್ಕ ಕೂತಿದ್ದರು. ಅರವತ್ತಕ್ಕೆ ಹತ್ತಿರ, ಮೂಗಿನ ತುದಿಗೆ ಜಾರಿದ ಕನ್ನಡಕ, ತುಟಿಗಳ ನಡುವೆ ಮೂರು ಗುಂಡುಪಿನ್ನು. ನಮ್ಮನ್ನು ಕಂಡು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು. ‘ಏನೋ ಇಷ್ಟು ಹೊತ್ತಲ್ಲಿ? ಕೆಲಸ ಇಲ್ವಾ? ಬನ್ನಿ ಕೂತ್ಕೊಳಿ, ಆ ಪ್ಯಾಂಟ್ ಆ ಕಡೆ ಹಾಕಿ’ ಎಂದರು.

ಗೋಂದಣ್ಣ ಕೂರಲಿಲ್ಲ. ಚೀಲದಿಂದ ಗ್ರಂಥಾಲಯದ ನಾಲ್ಕನೇ ಭಾಗ ತೆಗೆದು ಯಂತ್ರದ ಮೇಲೆ ಇಟ್ಟರು. ‘ಅಕ್ಕ, ಇದರಲ್ಲಿ ತೇಪೆ ಅಜ್ಜಿ ಇದ್ಲು ತಾನೆ? ಇವರಿಗೆ ಹೇಳು.’

‘ಯಾವ ಅಜ್ಜಿ?’

‘ತೇಪೆ ಅಜ್ಜಿ. ಅಂಚೆ ಕಚೇರಿ ಮೆಟ್ಟಿಲ ಹಿಂದೆ ಕೂತಿರ್ತಾಳೆ. ಹರಿದ ನೆರಳಿಗೆ ತೇಪೆ ಹಾಕ್ತಾಳೆ.’

ಅಕ್ಕ ಪುಸ್ತಕ ಎತ್ತಿ, ದೂರ ಹಿಡಿದು, ಮುಖಪುಟ ನೋಡಿದರು. ಮುಖದಲ್ಲಿ ಮೆಲ್ಲಗೆ ಒಂದು ನಗು ಬಂತು. ‘ಅಯ್ಯೋ, ಇದಾ! ಇದನ್ನ ಹೊತ್ತು ತರೋದೇ ಆಗಿತ್ತಲ್ಲ ನಂಗೆ. ಐದನೇ ಭಾಗ ಯಾರೋ ತಗೊಂಡು ಹೋಗಿ ತಿಂಗಳಾದ್ರೂ ತರಲಿಲ್ಲ. ದಿನಾ ಹೋಗಿ ಕೇಳ್ತಿದ್ದೆ.’

‘ಅದಲ್ಲ ಅಕ್ಕ, ಅಜ್ಜಿ…’

‘ಇರೋ, ಅದನ್ನೇ ಹೇಳ್ತಿದೀನಿ. ಪುಸ್ತಕ ಮುಗಿದುಹೋಗಿತ್ತು ಕಣೋ. ನಿನ್ನ ಕಾಲು ಮುಗಿದಿರಲಿಲ್ಲ. ಮುಗೀತು ಅಂದ್ರೆ ನೀನು ಮುಖ ಗೋಡೆ ಕಡೆ ತಿರುಗಿಸಿ ಮಲಗ್ತಿದ್ದೆ, ಊಟಾನೂ ಬೇಡ ಅಂತಿದ್ದೆ. ಅದಕ್ಕೆ ನಾಲ್ಕನೇದನ್ನೇ ತೊಡೆ ಮೇಲೆ ಇಟ್ಕೊಂಡು ಬಾಯಿಗೆ ಬಂದಿದ್ದು ಹೇಳ್ತಾ ಹೋದೆ. ಏನು ಹೇಳಿದ್ನೋ ದೇವರಿಗೇ ಗೊತ್ತು.’

ನನಗೆ ಆಗ ಹೊಳೆಯಿತು. ಕೈಹೊಲಿಗೆ ಹಾಕುವವಳ ಕಣ್ಣು ಸೂಜಿಯ ಮೇಲಿರುತ್ತದೆಯೇ ಹೊರತು ಪುಸ್ತಕದ ಮೇಲಲ್ಲ. ನೆರಳಿಗೆ ತೇಪೆ ಹಾಕುವ ಯೋಚನೆ ಹೊಲಿಗೆಯವಳಿಗಲ್ಲದೆ ಇನ್ಯಾರಿಗೆ ಬಂದೀತು? ಮುಂಚೆಯೇ ಹೊಳೆದಿದ್ದರೆ ನಮ್ಮ ಅರ್ಧ ದಿನದ ರಜೆ ಉಳಿಯುತ್ತಿತ್ತು.

ಗೋಂದಣ್ಣ ಈಗ ಕೂತರು, ಪ್ಯಾಂಟುಗಳ ಮೇಲೆಯೇ. ‘ಹಾಗಾದ್ರೆ ಕೊನೆಗೆ ಏನಾಯ್ತು?’ ಎಂದು ಕೇಳಿದರು. ಐವತ್ತೆರಡು ವರ್ಷದ ಮನುಷ್ಯ, ದನಿ ಒಂಬತ್ತರ ಹುಡುಗನದು. ‘ನೀನೇ ಕಟ್ಟಿದ ಕಥೆ ಅಲ್ವಾ. ಹೇಳು. ಅಜ್ಜಿ ಏನ್ಮಾಡಿದ್ಲು?’

ಅಕ್ಕ ತಮ್ಮನ ಮುಖ ನೋಡಿದರು. ‘ನಂಗೆ ನೆನಪೇ ಇಲ್ವಲ್ಲೋ. ಒಂದು ಚೂರೂ ಇಲ್ಲ.’

ಗೋಂದಣ್ಣ ತಲೆ ತಗ್ಗಿಸಿದರು. ನಾನು ಪುಸ್ತಕದ ಹಿಂಬದಿ ತೆರೆದು, ಪೆನ್ನು ಕೈಗೆ ಕೊಟ್ಟೆ. ‘ಸತ್ಯ ಗೊತ್ತಾಯ್ತಲ್ಲ ಗೋಂದಣ್ಣ. ತಪ್ಪಾಯ್ತು, ಪುಸ್ತಕ ಪೂರ್ಣ ಇದೆ ಅಂತ ಬರೀರಿ. ಏಳೂ ಉಳೀಲಿ.’ ಅವರು ಪೆನ್ನು ಹಿಡಿದುಕೊಂಡು ಕೂತರೇ ಹೊರತು ಬರೆಯಲಿಲ್ಲ. ‘ಬರೆದ್ರೆ ಅಜ್ಜಿ ಇರಲೇ ಇಲ್ಲ ಅಂದ ಹಾಗಾಗುತ್ತೆ’ ಎಂದರು. ನನಗೆ ಬೈಯಲು ಬಾಯಿ ಬರಲಿಲ್ಲ. ಅಷ್ಟು ಬೇಜಾರು ಆ ಮನುಷ್ಯನ ಮುಖದಲ್ಲಿ ನಾನು ಕಂಡಿರಲಿಲ್ಲ.

ಅಕ್ಕ ಯಂತ್ರದ ಮುಂದಿನಿಂದ ಎದ್ದು ಬಂದು, ಸ್ಟೂಲು ಎಳೆದು ತಮ್ಮನ ಎದುರು ಕೂತರು. ಕೈಯಲ್ಲಿ ಏನೂ ಇರಲಿಲ್ಲ. ‘ನಿಂಗೆ ನೆನಪಿದೆ ಅಂದ್ಯಲ್ಲ. ಎಲ್ಲಿ, ನಂಗೆ ಹೇಳು ನೋಡೋಣ’ ಎಂದರು.

ಗೋಂದಣ್ಣ ನಾಚಿಕೆಯ ಮನುಷ್ಯ. ನಮ್ಮ ಕಚೇರಿಯ ಸಭೆಯಲ್ಲಿ ಹೆಸರು ಕರೆದರೆ ‘ಇದೀನಿ’ ಅನ್ನುವುದಕ್ಕೂ ಎದ್ದು ನಿಲ್ಲುವುದಿಲ್ಲ. ಅಂಥವರು ಮೊದಲು ನೆಲ ನೋಡುತ್ತಾ, ಆಮೇಲೆ ಅಕ್ಕನನ್ನು ನೋಡುತ್ತಾ ಹೇಳತೊಡಗಿದರು. ಸೈಕಲ್ ಚಕ್ರಕ್ಕೆ ಸಿಕ್ಕಿ, ಬಾಗಿಲಿಗೆ ಸಿಕ್ಕಿ, ಜನಜಂಗುಳಿಯಲ್ಲಿ ತುಳಿತಕ್ಕೆ ಸಿಕ್ಕಿ ಮಂದಿಯ ನೆರಳು ಹರಿಯುತ್ತದೆ. ಹರಿದವರೆಲ್ಲ ಅಂಚೆ ಕಚೇರಿಯ ಮೆಟ್ಟಿಲ ಹಿಂದೆ ಸಾಲು ನಿಲ್ಲುತ್ತಾರೆ. ಅಜ್ಜಿ ಬೈಯುತ್ತಾಳೆ. ‘ಒಂದು ನೆರಳು ನೆಟ್ಟಗೆ ಇಟ್ಕೊಳಕ್ಕೆ ಬರಲ್ವೇನ್ರೋ’ ಅನ್ನುತ್ತಾಳೆ. ಬೈಯುತ್ತಲೇ ತೇಪೆ ಹಾಕುತ್ತಾಳೆ. ಗೋಂದಣ್ಣ ಆ ಬೈಗುಳವನ್ನು ಅಕ್ಕನದೇ ದನಿಯಲ್ಲಿ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಅಕ್ಕನೂ ನಕ್ಕರು. ಪಕ್ಕದ ಔಷಧಿ ಅಂಗಡಿಯವರು ಏನು ಗಲಾಟೆ ಎಂದು ಇಣುಕಿ, ಬಾಗಿಲಿಗೆ ಒರಗಿ ಅಲ್ಲೇ ನಿಂತರು.

ತೇಪೆಗೆ ಬಟ್ಟೆ ಎಲ್ಲಿಂದ? ಅಜ್ಜಿ ಅದನ್ನು ಯಾರಿಗೂ ಹೇಳುವುದಿಲ್ಲ. ತನ್ನದೇ ನೆರಳಿನ ಅಂಚನ್ನು ಕತ್ತರಿಸಿ ಕತ್ತರಿಸಿ ಕೊಡುತ್ತಿರುತ್ತಾಳೆ. ಒಂದು ದಿನ ಒಬ್ಬ ಹುಡುಗ ಕುಂಟುತ್ತಾ ಬರುತ್ತಾನೆ. ಅವನ ನೆರಳಿಗೆ ಒಂದು ಕಾಲೇ ಇಲ್ಲ. ಅಜ್ಜಿಯ ಬಳಿ ಉಳಿದಿರುವುದು ಒಂದು ಕಾಲಿಗೆ ಆಗುವಷ್ಟು ಮಾತ್ರ. ಅದನ್ನೂ ಕೊಟ್ಟರೆ ಅವಳು ಅಲ್ಲೇ ಉಳಿಯಬೇಕು: ನೆರಳಿಲ್ಲದವರು ಗಂಟೆ ಒಂದಕ್ಕೆ ಮೇಲಿನ ಪಟ್ಟಣಕ್ಕೆ ವಾಪಸ್ ಬರುವ ಹಾಗಿಲ್ಲ. ಅಜ್ಜಿ ಕತ್ತರಿ ಕೈಗೆತ್ತಿಕೊಳ್ಳುತ್ತಾಳೆ.

ಗೋಂದಣ್ಣ ನಿಲ್ಲಿಸಿದರು. ‘ಇಷ್ಟೇ. ಅವತ್ತು ಐದನೇ ಭಾಗ ಸಿಕ್ತು ನಿಂಗೆ.’

ಅಕ್ಕನ ಕನ್ನಡಕ ಜಾರಿ ಮೂಗಿನಿಂದ ಕೆಳಗೆ ಬರುವುದರಲ್ಲಿತ್ತು, ಅವರಿಗೆ ಅದರ ಪರಿವೆಯಿರಲಿಲ್ಲ. ‘ಆಮೇಲೆ?’ ಎಂದರು. ಅವರು ಚುಡಾಯಿಸುತ್ತಿರಲಿಲ್ಲ. ನಿಜವಾಗಿಯೂ ಅವರಿಗೆ ಬೇಕಾಗಿತ್ತು.

ನಾನು ಗೋಂದಣ್ಣನನ್ನೇ ನೋಡುತ್ತಿದ್ದೆ. ಅವರು ಜೀವಮಾನವೆಲ್ಲ ಬೇರೆಯವರು ಬರೆದದ್ದನ್ನು ಹೊಲಿದವರು. ಕಾಣೆಯಾದ ಪುಟದಲ್ಲಿ ಏನಿತ್ತೆಂದು ಊಹಿಸಿ ಬರೆಯುವುದು ಅವರ ಮಟ್ಟಿಗೆ ಮಹಾ ಅಪರಾಧ.

‘ಅಜ್ಜಿ ಕತ್ತರಿಸಿ ಕೊಟ್ಲು’ ಎಂದರು ಕೊನೆಗೆ. ‘ಹುಡುಗನಿಗೆ ಕಾಲು ಬಂತು. ಬಂದ ತಕ್ಷಣ ಓಡಿಬಿಟ್ಟ. ಹಿಂದೆ ತಿರುಗಿ ಕೂಡ ನೋಡಲಿಲ್ಲ. ಮಕ್ಕಳಲ್ವಾ, ಕಾಲು ಬಂದ್ರೆ ಓಡ್ತಾರೆ. ಅಜ್ಜಿ ಅಲ್ಲೇ ಉಳಿದ್ಲು. ಹುಡುಗ ಬೆಳೆದ, ಕೆಲಸ, ಮನೆ, ಮಗಳು, ಎಲ್ಲ ಆಯ್ತು. ಒಂದಿನ ಬಿಸಿಲಲ್ಲಿ ನಿಂತು ತನ್ನ ನೆರಳು ನೋಡ್ತಾನೆ, ಒಂದು ಕಾಲಿನ ಅಂಚಿನಲ್ಲಿ ಸಣ್ಣ ಸಣ್ಣ ಹೊಲಿಗೆ. ಆಗ ವಾಪಸ್ ಹೋದ. ಅಜ್ಜಿಗೆ ಅವನ ಗುರುತು ಸಿಗಲಿಲ್ಲ. ನೀನ್ಯಾರಪ್ಪ ಅಂದ್ಲು. ಯಾರಿಗೆ ಏನು ಕೊಟ್ಟೆ ಅನ್ನೋದೇ ಅವಳಿಗೆ ಮರೆತುಹೋಗಿತ್ತು. ಅವನಿಗೆ ಎಲ್ಲ ನೆನಪಿತ್ತು.’

ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು.

‘ಅವನು ಅವಳ ಪಕ್ಕ ನಿಂತ. ಅವನ ನೆರಳು ಈಗ ದೊಡ್ಡದಾಗಿತ್ತು, ಇಬ್ಬರಿಗೂ ಸಾಕಾಗುವಷ್ಟು. ಗಂಟೆ ಒಂದು ಹೊಡೆದಾಗ ಇಬ್ಬರೂ ಒಂದೇ ನೆರಳಲ್ಲಿ ಮೇಲಕ್ಕೆ ಬಂದ್ರು.’

ಔಷಧಿ ಅಂಗಡಿಯವರು ಸದ್ದಿಲ್ಲದೆ ತಮ್ಮ ಅಂಗಡಿಗೆ ಹೋದರು. ನಾನು ಗೋಡೆಯ ಸಮವಸ್ತ್ರಗಳನ್ನು ನೋಡುತ್ತಾ ಕೂತೆ, ಯಾಕೆಂದರೆ ನನ್ನ ಕಣ್ಣು ಆ ಹೊತ್ತಿನಲ್ಲಿ ನಂಬುವ ಹಾಗಿರಲಿಲ್ಲ. ಈಗ ಆ ಏಳು ಪುಸ್ತಕಗಳು ಮಕ್ಕಳ ವಿಭಾಗದ ಕೆಳಗಿನ ಹಲಗೆಯಲ್ಲಿವೆ, ಮಧ್ಯಾಹ್ನ ಬಿಸಿಲಲ್ಲಿ ಪಾದ ನೋಡಿಕೊಂಡು ನಿಲ್ಲುವ ಮಕ್ಕಳನ್ನು ನಮ್ಮ ಗೇಟಿನ ಹತ್ತಿರ ಯಾರು ಬೇಕಾದರೂ ನೋಡಬಹುದು. ಆದರೆ ಅದೆಲ್ಲ ಆಮೇಲಿನ ಮಾತು.

ಗೋಂದಣ್ಣ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಚೀಟಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದರು: ‘ಮೇಲೆ ಬರೆದದ್ದು ತಪ್ಪು. ಪುಸ್ತಕ ಪೂರ್ಣವಾಗಿದೆ.’ ಸಹಿ ಹಾಕಿದರು.

ಅಕ್ಕ ಕನ್ನಡಕ ತೆಗೆದು, ಹತ್ತಿರವಿದ್ದ ಯಾರದೋ ಪ್ಯಾಂಟಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ‘ಇನ್ನೊಂದು ವಾರ ಐದನೇ ಭಾಗ ಸಿಗದೆ ಇದ್ದಿದ್ರೆ ಕೊನೇನ ನಾನೇ ಹೇಳಿರ್ತಿದ್ದೆ ಕಣೋ’ ಎಂದರು. ‘ಆದ್ರೆ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.’